ನಮ್ಮ ಮನೆ ಯಾವುದರ ಮೇಲೆ ನಿಂತಿದೆ?

ಡೊಂಬಿವಲಿ ಪಶ್ಚಿಮ
10 ಜೂನ್ 2005

ಪ್ರಭಾ,

ದೇವರಿಗೆ ದೀಪ ಇಟ್ಟು, ಅದು ಆರುವ ಮೊದಲು ಬರೆದು ಮುಗಿಸಬೇಕೆಂದು ಕುಳಿತಿದ್ದೇನೆ. ಫೋನ್ ಇರುವಾಗ ಅಕ್ಕನಿಗೇಕೆ ಕಾಗದದ ಹುಚ್ಚು ಎಂದು ನಗಬೇಡ. ಫೋನ್ ಇರುವುದು ಮೇಲಿನ ಮಾಳಿಗೆಯ ಹಯಗ್ರೀವ ರಾಯರ ಮನೆಯಲ್ಲಿ. ಅವರು ನಮ್ಮ ಸೊಸೈಟಿಯ ಸೆಕ್ರೆಟರಿ, ಮೈಸೂರು ಕಡೆಯವರು. ನಾನು ಹೇಳಬೇಕಾದದ್ದು ಅವರ ಕಿವಿಗೆ ಬೀಳಬಾರದ ಮಾತು. ಅಳಿಯ ರಂಜನನ ಮೊಬೈಲು ಅವನ ಜೊತೆ ರಬಾಳೆಯ ಫ್ಯಾಕ್ಟರಿಗೆ ಹೋಗುತ್ತದೆ. ಕಾಗದವಾದರೆ ನಮ್ಮ ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಜ್ಯೋತ್ಸ್ನಾ ನನ್ನ ಹೊಟ್ಟೆಯ ಮಗಳೇ ಆದರೂ ಮರಾಠಿ ಶಾಲೆಗೆ ಹೋದವಳು. ಕನ್ನಡ ಅಕ್ಷರ ಕಂಡರೆ ಜಿಲೇಬಿ ಎನ್ನುತ್ತಾಳೆ.

ವಿಷಯ ದಿಶಾಳದ್ದು. ಪುಳ್ಳಿಗೆ, ಜ್ಯೋತ್ಸ್ನಾಳ ಮಗಳಿಗೆ, ಒಂಬತ್ತು ತುಂಬಿತು. ಏಳರ ಮಗ್ಗಿ ಬರುವುದಿಲ್ಲ. ಏಳಾರು ಎಷ್ಟು ಎಂದರೆ ಬೆರಳು ಮಡಿಸುತ್ತಾಳೆ. ಐರೋಲಿಯಲ್ಲಿ ಹೊಸದಾಗಿ ತೆರೆದಿರುವ ಆ ಶಾಲೆಯಲ್ಲಿ ಜ್ಯೋತ್ಸ್ನಾ ಆಫೀಸಿನ ಕೆಲಸಕ್ಕೆ ಸೇರಿದಳಲ್ಲ, ಕೆಲಸದವರ ಮಕ್ಕಳಿಗೆ ಫೀಸು ಇಲ್ಲವೆಂದು ಇವಳನ್ನೂ ಅಲ್ಲಿಗೇ ಹಾಕಿದಳು. ಅಲ್ಲಿ ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಗಣಿತ, ವಿಜ್ಞಾನ, ಸಮಾಜ ಎಂದು ಬೇರೆ ಬೇರೆ ಪೀರಿಯಡ್ಡೂ ಇಲ್ಲ. ಟೀಚರನ್ನು ದೀದಿ ಎನ್ನಬೇಕು. ಪ್ರತಿಯೊಂದು ಮಗುವೂ ತನಗೆ ಬೇಕಾದ ಒಂದು ಪ್ರಶ್ನೆ ಹಿಡಿದುಕೊಂಡು ಮಳೆಗಾಲವಿಡೀ ಅದರ ಹಿಂದೆ ಹೋಗಬೇಕಂತೆ.

ದಿಶಾ ಹಿಡಿದ ಪ್ರಶ್ನೆ ಏನು ಗೊತ್ತಾ? ನಮ್ಮ ಮನೆ ಯಾವುದರ ಮೇಲೆ ನಿಂತಿದೆ.

ಮೊದಲು ನಾನೂ ನಕ್ಕೆ. ದೇವರ ದಯೆಯ ಮೇಲೆ ನಿಂತಿದೆ, ಬರೆದುಕೋ ಎಂದೆ. ಅವಳು ನಗಲಿಲ್ಲ. ಅಡುಗೆಮನೆಯ ಮೂಲೆಯ ಪಿಲ್ಲರಿನಲ್ಲಿ ಒಂದು ಬಿರುಕು ಇದೆ, ಹಳೆಯದು. ಅದರ ಮೇಲೆ ಅಡ್ಡಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿದ್ದಾಳೆ. ಬಿರುಕು ಬೆಳೆದರೆ ಕಾಗದ ಹರಿಯುತ್ತದಂತೆ.

ನಿನ್ನೆ ಮುಸ್ಸಂಜೆ ದೀಪ ಹಚ್ಚಿ ಕೈಮುಗಿಯುತ್ತಿದ್ದೆ. ಹಿಂದಿನಿಂದ ಬಂದು ಗಟ್ಟಿಯಾಗಿ ಕೇಳಿದಳು, "ಅಜ್ಜೀ, ನಮ್ಮ ಬಿಲ್ಡಿಂಗ್ ಗಿರ್ ಗಯಾ ತೋ ಮೊದಲು ಯಾವ ಗೋಡೆ ಬೀಳ್ತದೆ?"

ಪ್ರಭಾ, ಆ ಹೊತ್ತಿಗೆ ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ. ಮನೆಯವರ ಬಾಯಿಂದ ಏನು ಬಂತೋ ಅದಕ್ಕೇ ಅಸ್ತು ಎನ್ನುತ್ತಾರೆ. ನಾನು ಓಡಿಹೋಗಿ ಅವಳ ಬಾಯಿ ಮುಚ್ಚಿದೆ. ಕೈ ಎಷ್ಟು ಜೋರಾಗಿ ಒತ್ತಿತೋ, ಕೆನ್ನೆಯ ಮೇಲೆ ಬೆರಳು ಮೂಡಿತು.

ನಮ್ಮ ಬಳಿ ಇರುವುದು ಈ ಮನೆ ಒಂದೇ. ನಿನ್ನ ಭಾವ ಇದ್ದಾಗ ಠಾಣೆಯ ಹೋಟೆಲಿನಲ್ಲಿ ನಿಂತೂ ನಿಂತೂ ಕಾಲು ಬಾತು ಹೋದ ಮೇಲೆ ಸಿಕ್ಕಿದ ಮನೆ. ಪಾಲಕರ ಸಭೆಗೆ ನಾನೂ ಹೋಗಿದ್ದೆ. "ಉತ್ತರ ನಾವು ಕೊಡುವುದಿಲ್ಲ, ಮಕ್ಕಳೇ ಹುಡುಕುತ್ತಾರೆ" ಎಂದು ಆ ದೀದಿ ನಗುತ್ತಾ ಹೇಳಿದಳು. ಮಗು ಹುಡುಕಬಾರದ ಉತ್ತರ ಸಿಕ್ಕಿಬಿಟ್ಟರೆ ಏನು ಮಾಡುತ್ತೀರಿ ಎಂದು ಕೇಳಬೇಕಿತ್ತು. ಹಿಂದಿಯಲ್ಲಿ ಹೇಗೆ ಕೇಳುವುದೆಂದು ತಿಳಿಯದೆ ಚಹಾ ಕುಡಿದು ಬಂದೆ.

ನೀನು ಟೀಚರು. ಹೇಳು. ಒಂದು ವರ್ಷ ಅವಳನ್ನು ನಿನ್ನ ಶಾಲೆಗೆ ಕಳುಹಿಸಲಾ?

ನಿನ್ನ ಅಕ್ಕ
ಸುಂದರಿ

* * *

ಊರು
21 ಜೂನ್ 2005

ಅಕ್ಕಾ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ನಿನ್ನ ಮೇಲಲ್ಲ.

ನಮಗೂ ಮೊನ್ನೆ ತರಬೇತಿ ಇತ್ತು. ಮಕ್ಕಳನ್ನು ವೃತ್ತಾಕಾರದಲ್ಲಿ ಕೂರಿಸಿ, ಪ್ರಶ್ನೆ ಕೇಳಲು ಬಿಡಿ, ಚಟುವಟಿಕೆ ಮಾಡಿಸಿ ಎಂದರು. ತರಬೇತಿ ಕೊಟ್ಟವರು ಮಾತ್ರ ಇಡೀ ದಿನ ಪುಸ್ತಕ ನೋಡಿಕೊಂಡು ಓದಿದರು, ನಮಗೆ ಪ್ರಶ್ನೆ ಕೇಳಲು ಬಿಡಲಿಲ್ಲ. ವಿಷಯ ಎಂದರೆ ಬೇಲಿ ಹಾಕಿದ ಹಿತ್ತಲಿನ ಹಾಗೆ ಅಕ್ಕ. ಮೊದಲ ಪಾಠದಿಂದ ಕೊನೆಯ ಪಾಠದವರೆಗೆ ಮಗು ಒಳಗೇ ಓಡಾಡುತ್ತದೆ, ಬಾವಿಗೆ ಬೀಳುವುದಿಲ್ಲ. ನನ್ನ ಮೂರನೇ ತರಗತಿಯಲ್ಲಿ 'ಮನೆಗಳು' ಎಂಬ ಪಾಠವಿದೆ. ಗುಡಿಸಲು, ಹಂಚಿನ ಮನೆ, ತಾರಸಿ ಮನೆ. ಮಕ್ಕಳು ಬರೆಯುತ್ತಾರೆ, ಚಿತ್ರ ಬಿಡಿಸುತ್ತಾರೆ, ಮುಗಿಯಿತು. ಯಾರೂ ಬೀಳುವುದಿಲ್ಲ.

ಬಿರುಕು ಯಾರ ಮನೆಯಲ್ಲಿಲ್ಲ? ನಮ್ಮ ಶಾಲೆಯ ಗೋಡೆ ನೋಡಿದರೆ ನಿನ್ನ ಪುಳ್ಳಿ ಮೂರ್ಛೆ ಹೋಗುತ್ತಾಳೆ. ಒಬ್ಬ ಗಾರೆಯವನನ್ನು ಕರೆಸಿ ಮೆತ್ತಿಸಿಬಿಡು. ಕಣ್ಣಿಗೆ ಕಾಣದಿದ್ದರೆ ಮಗು ಮರೆಯುತ್ತದೆ.

ದಿಶಾಳನ್ನು ಧಾರಾಳವಾಗಿ ಕಳುಹಿಸು. ಆದರೆ ಜುಲೈ ಮುಗಿಯುವುದರೊಳಗೆ ಕಳುಹಿಸು. ಆಮೇಲೆ ಸೇರಿಸಿಕೊಳ್ಳುವುದು ಕಷ್ಟ. ಗಣಪತಿ ಹಬ್ಬದ ಹೊತ್ತಿಗೆ ಇಪ್ಪತ್ತರವರೆಗೆ ಮಗ್ಗಿ ಹೇಳಿಸುತ್ತೇನೆ, ಸಾಲದಿದ್ದರೆ ಹಿಂದಿನಿಂದ ಮುಂದಕ್ಕೂ. ವರ್ಗಾವಣೆ ಪತ್ರ ಮರೆಯಬೇಡ. ಜುಲೈ ಒಳಗೆ, ನೆನಪಿಡು.

ನಿನ್ನ
ಪ್ರಭಾ

* * *

ಡೊಂಬಿವಲಿ
12 ಜುಲೈ 2005

ಪ್ರಭಾ,

ನೀನು ಹೇಳಿದಂತೆ ಮೆತ್ತಿಸಿದೆ. ಆದರೆ ಹೇಗಾಯಿತೆಂದು ಹೇಳುತ್ತೇನೆ, ಕೇಳು.

ಹೋದ ವಾರ ದಿಶಾ ಶಾಲೆಯಿಂದ ಬಂದವಳೇ ಸ್ಕೇಲು ಹಿಡಿದು ಪಿಲ್ಲರಿನ ಹತ್ತಿರ ಹೋದಳು. ಕಾಗದದ ಪಟ್ಟಿ ನಡುವೆ ಹರಿದಿತ್ತು. "ಅಜ್ಜೀ, ದೇಖ್ ನಾ, ಫಟ್ ಗಯಾ" ಎಂದಳು. ಬಿರುಕು ಒಂದೇ ವಾರದಲ್ಲಿ ಅರ್ಧ ಸೆಂಟಿಮೀಟರು ಅಗಲವಾಗಿದೆ ಎಂದು ಮೆಟ್ಟಿಲಿನಲ್ಲಿ ನಿಂತು ಎಲ್ಲರಿಗೂ ಹೇಳಿದಳು. ಕೆಳಗಿನ ಮನೆಯ ಹೆಂಗಸು ಅಳಲು ಶುರುಮಾಡಿದಳು. ರಂಜನ ಊಟ ಬಿಟ್ಟು ಎದ್ದು ತಾನೇ ಅಳೆದ. ಅಳೆದು ನಗತೊಡಗಿದ. ಮೊದಲ ಸಲ ಮಗು ಸ್ಕೇಲಿನ ತುದಿಯಿಂದ ಅಳೆದಿತ್ತು, ಎರಡನೆಯ ಸಲ ಸ್ಕೇಲಿನ ಸೊನ್ನೆಯಿಂದ. ಆ ತುದಿಗೂ ಸೊನ್ನೆಗೂ ನಡುವೆ ಇರುವ ಜಾಗವೇ ಇವಳ ಅರ್ಧ ಸೆಂಟಿಮೀಟರು.

"ಮಾಮೀ, ಬಿಲ್ಡಿಂಗ್ ಗಟ್ಟಿಯಾಗಿದೆ, ಲೆಕ್ಕ ಬಿದ್ದುಹೋಗಿದೆ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆ ನಗುವಿನಲ್ಲಿ ದೇವರಿಗೆ ಒಂದು ತೆಂಗಿನಕಾಯಿಯನ್ನೂ ಹೇಳಿಕೊಂಡೆ. ದಿಶಾ ಒಬ್ಬಳೇ, "ಮತ್ತೆ ಕಾಗದ ಯಾಕೆ ಹರಿಯಿತು?" ಎಂದು ಕೇಳುತ್ತಿದ್ದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಳೆಯಲು ಬಾರದವಳ ಮಾತು ಯಾರು ಕೇಳುತ್ತಾರೆ?

ಮರುದಿನ ರಾಯರು ಇಳಿದು ಬಂದರು. "ನೋಡಿ ಸುಂದರಮ್ಮ, ಮಗೂನ ಸ್ವಲ್ಪ ಹತೋಟೀಲಿ ಇಟ್ಕೊಳಿ. ಎರಡನೇ ಮಾಳಿಗೆಯವರು ಮನೆ ಮಾರಕ್ಕೆ ಇಟ್ಟಿದ್ದಾರೆ. ನೋಡಕ್ಕೆ ಬಂದವರ ಎದುರಿಗೆ ಬಿಲ್ಡಿಂಗ್ ಬೀಳತ್ತೆ ಅಂದ್ರೆ ಯಾರು ತಗೋತಾರೆ? ನಮ್ಮ ಮಗ ಅಭೀನೂ ಅದೇ ವಯಸ್ಸು, ಹನ್ನೆರಡರ ಮಗ್ಗಿ ಹೇಳ್ತಾನೆ, ಎಲ್ಲ ರಾಜ್ಯದ ರಾಜಧಾನಿ ಹೇಳ್ತಾನೆ. ಇಂಥದೆಲ್ಲ ಅವನ ತಲೆಗೇ ಬರಲ್ಲ" ಎಂದರು. ನನಗೆ ನೆಲ ಸೀಳಿ ಒಳಗೆ ಹೋಗುವಂತಾಯಿತು.

ಕಲ್ಯಾಣದಿಂದ ಚಂದ್ರಾಮ ಎಂಬ ಗಾರೆಯವನು ಬಂದ, ವಿಜಾಪುರದ ಕಡೆಯವನು. ಪಿಲ್ಲರಿಗೆ ಕೈಯಲ್ಲಿ ಎರಡು ಬಡಿದು, "ಇದೇನ್ರೀ ಅಮ್ಮಾರ, ಮ್ಯಾಲಿನ ಪ್ಲಾಸ್ಟರ್ ಅಷ್ಟ ಒಡದೈತಿ. ನಿಮ್ಮ ಮೊಮ್ಮಗಳ ಮೊಮ್ಮಕ್ಕಳು ಇಲ್ಲೇ ಆಡ್ತಾವ ನೋಡ್ರಿ" ಎಂದ. ಬಾಯಿ ತುಂಬ ಒಳ್ಳೆಯ ಮಾತು. ಮೆತ್ತಿ ಬಣ್ಣ ಬಳಿದು ಹೋದ. ಅದರ ಮೇಲೆ ನಾನು ದುರ್ಗಾಪರಮೇಶ್ವರಿಯ ಕ್ಯಾಲೆಂಡರು ತೂಗುಹಾಕಿದೆ. ಅಮ್ಮ ಕಾಯುತ್ತಾಳೆ, ಬಿರುಕಿದ್ದ ಜಾಗವೂ ಕಾಣುವುದಿಲ್ಲ.

ದಿಶಾ ಅಳಲಿಲ್ಲ. "ಇನ್ನು ಕಾಗದ ಎಲ್ಲಿ ಅಂಟಿಸಲಿ?" ಎಂದು ಕೇಳಿದಳು. ಎಲ್ಲಿಯೂ ಬೇಡ ಎಂದೆ.

ರಂಜನನಿಗೆ ಇಲ್ಲೇ ಎರಡು ಸ್ಟೇಷನ್ ಆಚೆ ದಿವಾದಲ್ಲಿ ಒಂದು ಬಾಡಿಗೆ ಚಾಳಿನ ಗುರುತಿದೆ, ತಗಡಿನ ಸಾಲುಮನೆ. "ಮಳೆ ಮುಗಿಯುವವರೆಗೆ ಅಲ್ಲಿದ್ದು ಬರೋಣ ಮಾಮೀ, ಮಗುವಿನ ಸಮಾಧಾನಕ್ಕೆ" ಎಂದ. ನಾಲ್ಕು ದಿನ ಹೋದರೆ ಆಟಿ ಶುರುವಾಗುತ್ತದೆ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಮುಂಜಿ ಇಲ್ಲ, ಯಾರಾದರೂ ಮನೆ ಬದಲಿಸುತ್ತಾರಾ? ಆಟಿ ಕಳೆಯಲಿ, ಆಗಸ್ಟಿನಲ್ಲಿ ನೋಡೋಣ ಎಂದೆ. ಅವನು ಒಪ್ಪಿದ. ಅವನ ಅಮ್ಮನೂ ಅದನ್ನೇ ಹೇಳಿದಳಂತೆ.

ಉಳಿದಂತೆ ಎಲ್ಲ ಕ್ಷೇಮ. ಮಳೆ ವಿಪರೀತ. ಬಟ್ಟೆ ಒಣಗುವುದಿಲ್ಲ. ಹೋದ ವರ್ಷ ಬಚ್ಚಲಿಗೆ ಹಾಕಿಸಿದ ಪ್ಲಾಸ್ಟಿಕ್ ಬಾಗಿಲು ಮಳೆಗೆ ಉಬ್ಬಿ ಮುಚ್ಚುವುದೇ ಇಲ್ಲ, ಭುಜ ಕೊಟ್ಟು ನೂಕಬೇಕು.

ಇನ್ನೊಂದು ಮಾತು. ಊರಿನ ಯಂಕಪ್ಪಣ್ಣ ಮಗನನ್ನು ನೋಡಲು ಬಂದಿದ್ದ. ನಿನ್ನ ಶಾಲೆಯಲ್ಲಿ ಮಕ್ಕಳೇ ಇಲ್ಲ, ಜುಲೈ ಕೊನೆಗೆ ತಲೆ ಎಣಿಸಿ ಕಡಿಮೆಯಿದ್ದರೆ ಮುಚ್ಚುತ್ತಾರಂತೆ ಎಂದ. ಅದಕ್ಕಾ ನಿನಗೆ ಜುಲೈ ಒಳಗೆ ಬೇಕಾಗಿತ್ತು? ನನಗೆ ಮಗುವಿನ ಹೆದರಿಕೆ, ನಿನಗೆ ಹಾಜರಿಯ ಹೆದರಿಕೆ. ಹೇಳಿದ್ದರೆ ಏನಾಗುತ್ತಿತ್ತು?

ಸುಂದರಿ

* * *

ಊರು
19 ಜುಲೈ 2005

ಅಕ್ಕಾ,

ಯಂಕಪ್ಪಣ್ಣ ಹೇಳಿದ್ದು ನಿಜ. ಅದನ್ನು ಬಿಡು, ಸಿಟ್ಟು ಮಾಡುವುದಾದರೆ ಆಮೇಲೆ ಮಾಡು. ಈ ಕಾಗದ ಸಿಕ್ಕಿದ ಕೂಡಲೇ ನಾನು ಹೇಳಿದ್ದು ಮಾಡು.

ನಿನ್ನ ಕಾಗದವನ್ನು ಶಾಲೆಯ ಬಿಡುವಿನಲ್ಲಿ ಓದುತ್ತಿದ್ದೆ. ಬಚ್ಚಲ ಬಾಗಿಲಿನ ಸಾಲು ದಾಟಿ ಮುಂದೆ ಹೋದವಳು ಮತ್ತೆ ಹಿಂದೆ ಬಂದೆ. ಮರದ ಬಾಗಿಲು ಮಳೆಗೆ ಉಬ್ಬುತ್ತದೆ. ಪ್ಲಾಸ್ಟಿಕ್ ಉಬ್ಬುತ್ತದಾ? ಅಕ್ಕಾ, ನನಗೆ ಗೊತ್ತಿರಲಿಲ್ಲ! ಇಷ್ಟು ವರ್ಷ ವಿಜ್ಞಾನ ಕಲಿಸಿದವಳಿಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಹುಡುಕಿದೆ, ಇಲ್ಲ. ಕೊನೆಗೆ ಮಕ್ಕಳನ್ನೇ ಕೇಳಿದೆ. ಒಬ್ಬಳು ಉಬ್ಬುತ್ತದೆ ಎಂದಳು, ಇನ್ನೊಬ್ಬ ಇಲ್ಲ ಎಂದ. ಜಗಳವಾಯಿತು. ನೋಡಿಯೇ ಬಿಡೋಣ ಟೀಚರ್ ಎಂದರು. ಪ್ಲಾಸ್ಟಿಕ್ ಮಗ್ಗಿನ ಬಾಯಿಗೆ ನೂಲು ಸುತ್ತಿ ಗುರುತು ಮಾಡಿ, ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಟ್ಟೆವು. ಒಂದು ತುಂಡು ಮರವನ್ನೂ ಹಾಗೆಯೇ ಇಟ್ಟೆವು. ಇವತ್ತು ತೆಗೆದು ನೋಡಿದೆವು. ಮರದ ಸುತ್ತ ನೂಲು ಸಾಲದಾಯಿತು. ಮಗ್ಗು ಹೇಗಿತ್ತೋ ಹಾಗೆಯೇ ಇದೆ. ಮಕ್ಕಳು ಕುಣಿದಾಡಿದರು. ನಾನು ಅಲ್ಲೇ ಕುಳಿತು ಈ ಕಾಗದ ಶುರುಮಾಡಿದೆ.

ನಿನ್ನ ಬಾಗಿಲು ಉಬ್ಬಿಲ್ಲ ಅಕ್ಕಾ. ಬಾಗಿಲಿನ ಸುತ್ತ ಇರುವುದು ವಾಲಿದೆ.

ಮಗುವಿಗೆ ಸೊನ್ನೆಯಿಂದ ಅಳೆಯಲು ಕಲಿಸದೆ ಪ್ರಶ್ನೆ ಕೊಟ್ಟುಬಿಟ್ಟರು, ಅದು ಆ ಶಾಲೆಯ ತಪ್ಪು. ಆದರೆ ಕಾಗದ ಯಾಕೆ ಹರಿಯಿತು ಎಂದು ಅವಳು ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಡದೆ ನೀವೆಲ್ಲ ನಕ್ಕಿರಿ. ಮೆತ್ತಿಸು ಎಂದವಳು ನಾನು.

ಕ್ಯಾಲೆಂಡರು ತೆಗೆದು ನೋಡು. ಹೊಸ ಗಾರೆ ಮತ್ತೆ ಒಡೆದಿದ್ದರೆ ಆಟಿ ಎಂದು ಕೂರಬೇಡ. ಫೋನ್ ಮಾಡೋಣವೆಂದು ಅಂಗಡಿಗೆ ಹೋದೆ. ರಾಯರ ಮನೆಯವರು ಎತ್ತಿದರು. ಅವರ ಕಿವಿಗೆ ಬೀಳಬಾರದ ಮಾತೆಂದು ನೀನೇ ಬರೆದಿದ್ದೆಯಲ್ಲ, ಇಟ್ಟುಬಿಟ್ಟೆ.

ಪ್ರಭಾ

* * *

ಊರು
2 ಆಗಸ್ಟ್ 2005

ಅಕ್ಕಾ,

ಉತ್ತರ ಬರಲಿಲ್ಲ. ಮುಂಬಯಿಗೆ ಆಕಾಶವೇ ಬಿದ್ದಂತೆ ಮಳೆ ಸುರಿದಿದೆ, ಕಲ್ಯಾಣ, ಡೊಂಬಿವಲಿ, ಬದಲಾಪುರ ಎಲ್ಲ ನೀರು ಎಂದು ಟೀವಿಯಲ್ಲಿ ತೋರಿಸುತ್ತಿದ್ದಾರೆ. ರಾಯರ ಫೋನು ಸತ್ತಿದೆ, ರಂಜನನ ಮೊಬೈಲೂ ಸಿಗುವುದಿಲ್ಲ. ರೈಲು ಇಲ್ಲ, ಅಂಚೆಯೂ ನಿಂತಿದೆ ಎನ್ನುತ್ತಾರೆ. ಈ ಕಾಗದ ಯಾವಾಗ ತಲುಪುತ್ತದೋ ತಿಳಿಯದು. ಸುಮ್ಮನೆ ಕೂತಿರಲಾಗದೆ ಬರೆಯುತ್ತಿದ್ದೇನೆ.

ಹತ್ತೊಂಬತ್ತರ ಕಾಗದ ನಿನ್ನ ಕೈಸೇರಿತಾ? ಟೀವಿಯಲ್ಲಿ ಒಂದು ಕುಸಿದ ಬಿಲ್ಡಿಂಗು ತೋರಿಸಿದರು. ಊರಿನ ಹೆಸರು ಹೇಳುವ ಮೊದಲೇ ಕರೆಂಟು ಹೋಯಿತು.

ನಿನ್ನ ಕೈಯಲ್ಲಿ ಬರೆಯಲಾಗದಿದ್ದರೆ ಯಾರ ಕೈಯಲ್ಲಾದರೂ, ಯಾವ ಭಾಷೆಯಲ್ಲಾದರೂ, ಒಂದು ಸಾಲು.

ಪ್ರಭಾ

* * *

ದಿವಾ
11 ಆಗಸ್ಟ್ 2005

ಪ್ರಭಾ,

ನಾವು ಇದ್ದೇವೆ. ನಾಲ್ಕೂ ಜನ ಇದ್ದೇವೆ. ಮೊದಲು ಅದನ್ನು ಓದಿ ಉಸಿರು ಬಿಡು.

ನಿನ್ನ ಹತ್ತೊಂಬತ್ತರ ಕಾಗದ ಇಪ್ಪತ್ತಾರನೇ ತಾರೀಕು ಬೆಳಿಗ್ಗೆ ಬಂತು. ದಿಶಾಗೆ ಜ್ವರ, ಮನೆಯಲ್ಲೇ ಇದ್ದಳು. ಜ್ಯೋತ್ಸ್ನಾ ಮತ್ತು ರಂಜನ ಎಂದಿನಂತೆ ಠಾಣೆ ರೈಲು ಹಿಡಿದು ಹೋಗಿದ್ದರು. ಕಾಗದ ಓದಿ ಮುಗಿಸುವ ಹೊತ್ತಿಗೆ ಹೊರಗೆ ಹಗಲೇ ಕತ್ತಲಾಗಿತ್ತು. ದೇವಿಯ ಮುಂದೆ ನಿಂತೆ. ಕ್ಯಾಲೆಂಡರು ತೆಗೆಯಲು ಕೈ ಏಳಲಿಲ್ಲ. ತೆಗೆದರೆ ಅಮ್ಮನ ಮೇಲೆ ನಂಬಿಕೆ ಇಲ್ಲವೆಂದಾಗುತ್ತದಲ್ಲ ಎಂದುಕೊಂಡೆ. ಅಡ್ಡಬಿದ್ದು, ತಪ್ಪಾಯಿತು ಎಂದು ಹೇಳಿ ತೆಗೆದೆ.

ಹೊಸ ಗಾರೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಕಿರುಬೆರಳು ತೂರಿತು. ಒಳಗಿನ ಕಬ್ಬಿಣ ತುಕ್ಕು ಹಿಡಿದು ಕೈಗೆ ಪುಡಿಪುಡಿಯಾಗಿ ಬಂತು.

ಮಧ್ಯಾಹ್ನ ದಾಟುವಷ್ಟರಲ್ಲಿ ರಸ್ತೆಯೇ ಹೊಳೆಯಾಗಿತ್ತು. ಕೆಳಗಿನ ಮನೆಗಳಿಗೆ ನೀರು ನುಗ್ಗಿತು. ರಾಯರು ಒಳ್ಳೆಯವರು, ಸುಳ್ಳು ಹೇಳಬಾರದು. ಮೆಟ್ಟಿಲಿನಲ್ಲಿ ನಿಂತು, "ಎಲ್ಲರೂ ಮೇಲೆ ಬನ್ನಿ, ನಮ್ಮ ಮನೇಗೆ ಬನ್ನಿ, ಸರಳಾ ಅನ್ನ ಇಟ್ಟಿದ್ದಾಳೆ" ಎಂದು ಹೆಂಡತಿಯ ಹೆಸರು ಹೇಳಿ ಕರೆಯುತ್ತಿದ್ದರು. ಜನ ಗ್ಯಾಸಿನ ಸಿಲಿಂಡರು, ಟೀವಿ, ಅಕ್ಕಿಚೀಲ ಹೊತ್ತುಕೊಂಡು ಮೇಲೆ ಮೇಲೆ ಹತ್ತುತ್ತಿದ್ದರು. ಬಚ್ಚಲ ಬಾಗಿಲು ಆಗ ಮುಚ್ಚಿದ್ದು ತೆಗೆಯಲೇ ಬರಲಿಲ್ಲ. ದಿಶಾ ಜ್ವರದಲ್ಲಿ ಎದ್ದು ಕುಳಿತು ಹೇಳಿದಳು, "ಅಜ್ಜೀ, ಸಬ್ ಊಪರ್ ಜಾ ರಹೇ ಹೈ. ಭಾರ ಎಲ್ಲ ನಮ್ಮ ಪಿಲ್ಲರ್ ಮೇಲೆ ಬರ್ತದೆ."

ಮೇಲೆ ಹೋದರೆ ಜನ, ಅನ್ನ, ಬೆಳಕು. ಕೆಳಗೆ ಹೋದರೆ ಸೊಂಟದವರೆಗೆ ನೀರು, ತೆರೆದ ಗಟಾರ. ಯಾವುದು ಸಾವು ಎಂದು ಹೇಗೆ ಹೇಳುವುದು? ನನಗೆ ಯಾವ ಮೇಷ್ಟರೂ ಅದನ್ನು ಕಲಿಸಿಲ್ಲ. ಮಗುವನ್ನು ಬೆನ್ನಿಗೆ ಸೀರೆಯಲ್ಲಿ ಕಟ್ಟಿಕೊಂಡು ಕೆಳಗಿಳಿದೆ. ಹತ್ತುವವರ ನಡುವೆ ನಾನೊಬ್ಬಳೇ ಇಳಿಯುವವಳು. "ಹುಚ್ಚು ಹಿಡಿದಿದೆಯೇನ್ರೀ! ಮಗು ಸಾಯತ್ತೆ!" ಎಂದು ರಾಯರು ತೋಳು ಹಿಡಿದರು. "ನೀವೂ ಬನ್ನಿ ರಾಯರೇ, ಬಿಲ್ಡಿಂಗ್ ನಿಲ್ಲುವುದಿಲ್ಲ" ಎಂದೆ. ಆಟಿ ತಿಂಗಳು, ಅಷ್ಟು ಜನರ ಎದುರು, ನನ್ನ ಬಾಯಿಂದಲೇ ಆ ಮಾತು ಬಂತು. ಯಾರೂ ಬರಲಿಲ್ಲ. ರಸ್ತೆಯ ಆಚೆ ಎತ್ತರದಲ್ಲಿ ಮರಾಠಿ ಶಾಲೆ ಇದೆಯಲ್ಲ, ಅಲ್ಲಿಗೆ ಹೇಗೆ ಮುಟ್ಟಿದೆನೋ ದೇವರೇ ಬಲ್ಲ. ಒಂದು ಕಡೆ ಕಾಲಿನ ಕೆಳಗೆ ನೆಲವೇ ಇರಲಿಲ್ಲ. ಶಾಲೆಯ ಕಿಟಕಿಯಿಂದ ನಮ್ಮ ಬಿಲ್ಡಿಂಗನ್ನೇ ನೋಡುತ್ತಾ ಕುಳಿತೆ. ಈಗ ಬೀಳುತ್ತದೆ, ಈಗ ಬೀಳುತ್ತದೆ. ಮರುದಿನ ಜ್ಯೋತ್ಸ್ನಾ ಮತ್ತು ರಂಜನ ಹಳಿಯ ಮೇಲೆ ನಡೆದು ಬಂದು ನಮ್ಮನ್ನು ಹುಡುಕಿದರು, ಅವನ ಮೊಬೈಲು ನೀರಿನಲ್ಲಿ ಹಾಳಾಗಿತ್ತು.

ಅದು ಬೀಳಲಿಲ್ಲ, ಪ್ರಭಾ. ಈಗಲೂ ನಿಂತಿದೆ.

ನೀರು ಇಳಿಯಿತು, ಎಲ್ಲರೂ ನಗುತ್ತಾ ಕೆಳಗೆ ಬಂದರು. ನಾನು ಎಲ್ಲರಿಗೂ ಹುಚ್ಚಿ. ಮಕ್ಕಳು ದಿಶಾಳನ್ನು 'ಪನೌತಿ' ಎಂದು ಕರೆಯತೊಡಗಿದರು. ಹಾಗೆಂದರೆ ಕಾಲಿಟ್ಟಲ್ಲಿ ಕೇಡು ತರುವವಳು. ಅಭಿ ಮೊದಲು ಕರೆದ, ಆಮೇಲೆ ಎಲ್ಲರೂ. ಮಹಾನಗರಪಾಲಿಕೆಗೆ ರಂಜನ ಅರ್ಜಿ ಕೊಟ್ಟಿದ್ದಾನೆ. ಎಲ್ಲ ಕಡೆ ನೀರು ನುಗ್ಗಿದೆ, ಸರದಿ ಬಂದಾಗ ನೋಡುತ್ತೇವೆ ಎಂದರಂತೆ.

ದಿವಾದ ಚಾಳಿಗೆ ಬಂದಿದ್ದೇವೆ. ಇಲ್ಲಿಯೂ ನೀರು ಬಂದಿತ್ತು, ಗೋಡೆಯ ಮೇಲೆ ಕೆಸರಿನ ಗೆರೆ ಇದೆ. ಆದರೆ ಮೇಲೆ ಬೀಳುವುದಕ್ಕೆ ತಗಡು ಮಾತ್ರ. ದಿಶಾಳನ್ನು ಐರೋಲಿಯ ಶಾಲೆಯಿಂದ ಬಿಡಿಸಿದೆ. ಜ್ಯೋತ್ಸ್ನಾ ನನ್ನ ಮೇಲೆ ಸಿಟ್ಟಾದಳು. "ಅವಳು ಹೇಳಿದ್ದು ಸರಿ ಇತ್ತಲ್ಲಮ್ಮಾ, ಮತ್ತೆ ಶಿಕ್ಷೆ ಅವಳಿಗೆ ಯಾಕೆ?" ಎಂದಳು. ಶಿಕ್ಷೆ ಅಲ್ಲ, ರಕ್ಷೆ ಎಂದೆ. ಇಲ್ಲಿಯ ಶಾಲೆಯಲ್ಲಿ ಪುಸ್ತಕ ಇದೆ, ಪೀರಿಯಡ್ಡು ಇದೆ. ಇನ್ನು ಯಾರ ಎದುರಿಗೂ ಆ ಮನೆಯ ಮಾತು ಎತ್ತಬಾರದು ಎಂದು ದೇವರ ಮುಂದೆ ಆಣೆ ಹಾಕಿಸಿದ್ದೇನೆ. ಒಳ್ಳೆಯ ಮಗು. ಈಗ ಏಳರ ಮಗ್ಗಿ ತಡೆಯಿಲ್ಲದೆ ಹೇಳುತ್ತಾಳೆ. ಏನನ್ನೂ ಕೇಳುವುದಿಲ್ಲ. ಹೊಂದಿಕೊಂಡಿದ್ದಾಳೆ.

ಸುಂದರಿ

* * *

ಊರು
30 ಆಗಸ್ಟ್ 2005

ಅಕ್ಕಾ,

ನಿನ್ನ ಕಾಗದವನ್ನು ದೇವರ ಕೋಣೆಯಲ್ಲಿಟ್ಟು ಅತ್ತೆ. ನನ್ನ ಶಾಲೆಯನ್ನು ಮುಚ್ಚುವುದು ಖಚಿತವಾಯಿತು, ಈ ವರ್ಷ ಮುಗಿದ ಮೇಲೆ. ಈಗ ಅದು ದೊಡ್ಡದಾಗಿ ಕಾಣುವುದಿಲ್ಲ. ಹೆದರುವುದಕ್ಕೆ ಏನೂ ಉಳಿದಿಲ್ಲವೆಂದು ಮಕ್ಕಳಿಗೆ ಬೇಕಾದ್ದು ಕೇಳಲು ಬಿಟ್ಟಿದ್ದೇನೆ. "ಟೀಚರ್, ಶಾಲೆ ಮುಚ್ಚಿದ ಮೇಲೆ ಗಂಟೆ ಯಾರು ಹೊಡೀತಾರೆ?" ಎಂದು ಒಬ್ಬ ಕೇಳಿದ. ಉತ್ತರ ಹೇಳದೆ ನಿಂತುಕೊಳ್ಳುವುದನ್ನು ನಾನು ಈಗ ಕಲಿಯುತ್ತಿದ್ದೇನೆ.

ದಿಶಾ ಏನನ್ನೂ ಕೇಳುವುದಿಲ್ಲ ಎಂದು ಸಂತೋಷದಿಂದ ಬರೆದಿದ್ದೀಯಾ. ಆ ಸಾಲು ನನಗೆ ಹಿಡಿಸಲಿಲ್ಲ. ಮಾತು ಕಡಿಮೆಯಾಗುವ ಮಕ್ಕಳನ್ನು ತುಂಬ ನೋಡಿದ್ದೇನೆ. ಅವರು ಹೊಂದಿಕೊಂಡವರಲ್ಲ.

ಆದರೆ ನೀನು ಮುಖ್ಯವಾದ ಮಾತೇ ಬರೆದಿಲ್ಲ. ಆ ಮನೆಯನ್ನು ಏನು ಮಾಡುತ್ತೀರಿ? ಮಾರಿಬಿಡು ಅಕ್ಕಾ. ಇನ್ನೊಮ್ಮೆ ಗಾರೆ ಮೆತ್ತಿಸು, ಬಣ್ಣ ಬಳಿಸು, ಸಿಕ್ಕಿದವರಿಗೆ ಮಾರಿ ಬದಲಾಪುರದಲ್ಲೋ ಎಲ್ಲೋ ಗಟ್ಟಿಯಾದದ್ದೊಂದು ನೋಡು. ತಗಡಿನ ಕೆಳಗೆ ಎಷ್ಟು ದಿನ? ತಗೊಳ್ಳುವವರು ತಮ್ಮ ಕಣ್ಣಿನಿಂದ ನೋಡಿ ತಗೊಳ್ಳುತ್ತಾರೆ, ಕೇಳಿದರೆ ಹೇಳಿದರಾಯಿತು. ಕೇಳದಿದ್ದರೆ ಅದು ಅವರ ಪಾಡು. ಹೀಗೆ ಬರೆಯುವುದು ಸರಿಯಲ್ಲ ಎಂದು ನನಗೂ ಗೊತ್ತು. ಆದರೆ ನನಗಿರುವುದು ನೀನೊಬ್ಬಳೇ ಅಕ್ಕ.

ಪ್ರಭಾ

* * *

ದಿವಾ
26 ಸೆಪ್ಟೆಂಬರ್ 2005

ಪ್ರಭಾ,

ನೀನು ಹೇಳಿದಂತೆಯೇ ಮಾಡಿದೆ. ಗಣಪತಿ ಕಳೆದ ಮೇಲೆ ಚಂದ್ರಾಮನನ್ನು ಕರೆಸಿದೆ. ಅವನು ಈ ಸಲ ಬಾಯಿ ತುಂಬ ಮಾತಾಡಲಿಲ್ಲ. "ಹಚ್ಚತೀನ್ರೀ ಅಮ್ಮಾರ, ಆದ್ರ ಮೊಮ್ಮಕ್ಕಳ ಮಾತು ಮಾತ್ರ ಹೇಳಂಗಿಲ್ಲ" ಎಂದ. ಗೋಡೆ ನುಣ್ಣಗಾಯಿತು, ಬಣ್ಣ ಬಳಿಸಿದೆ. ಬಚ್ಚಲಿನ ಬಾಗಿಲು ತೆಗೆಸಿ ಪರದೆ ಹಾಕಿದೆ. ರಾಯರೇ ಗಿರಾಕಿ ಹುಡುಕಿದರು. ಅವರಿಗೂ ನಾವು ಹೋಗುವುದೇ ಬೇಕಾಗಿತ್ತು, ಮಾತು ಅಲ್ಲಿಗೆ ನಿಲ್ಲಲಿ ಎಂದು.

ನಿನ್ನೆ ಭಾನುವಾರ ಮನೆ ತೋರಿಸಲು ಹೋದೆ. ಜ್ಯೋತ್ಸ್ನಾ ಬರುವುದಿಲ್ಲ ಎಂದಳು. ದಿಶಾಳನ್ನು ಕರೆದುಕೊಂಡು ಹೋದೆ. ಬಂದವರು ನಮ್ಮವರೇ, ಉಡುಪಿಯವರು. ಗಂಡ ನಾಗರಾಜ, ಒಂದು ಹೋಟೆಲಿನಲ್ಲಿ ಮ್ಯಾನೇಜರು. ಹೆಂಡತಿ ಆಶ್ರಿತಾ. ತುಂಬು ಬಸುರಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ನಾನು ತುಳುವಿನಲ್ಲಿ ಮಾತಾಡಿದ್ದು ಕೇಳಿ ಅವಳ ಮುಖ ಅರಳಿತು. "ನಿಮ್ಮನ್ನು ನೋಡಿದರೆ ನನ್ನ ದೊಡ್ಡಮ್ಮನ ನೆನಪಾಗ್ತದೆ. ನೀವು ಇದ್ದ ಮನೆ ಅಂದ್ರೆ ಮತ್ತೆ ಎಂತ ನೋಡುವುದು" ಎಂದಳು. ಅವರು ಏನನ್ನೂ ಕೇಳಲಿಲ್ಲ, ಪ್ರಭಾ. ನಾನು ಇದ್ದ ಮನೆ ಎಂಬುದೇ ಅವರಿಗೆ ಸಾಕಾಯಿತು.

ಅಡುಗೆಮನೆಯಲ್ಲಿ ನಿಂತು, ಆ ಪಿಲ್ಲರಿಗೇ ಬೆನ್ನು ಕೊಟ್ಟುಕೊಂಡು, "ತೊಟ್ಟಿಲು ಇಲ್ಲಿ ಕಟ್ಟಬಹುದು, ಅಡುಗೆ ಮಾಡ್ತಾ ತೂಗಬಹುದು" ಎಂದಳು. ಆಮೇಲೆ ದಿಶಾಳ ಗಲ್ಲ ಹಿಡಿದು ಕೇಳಿದಳು, "ಪುಟ್ಟೀ, ಮನೆ ಚಂದ ಇದೆಯಾ? ನೀನೇ ಹೇಳು."

ಈಗ ಹೇಳುತ್ತಾಳೆ, ಹೇಳಿಯೇ ಬಿಡುತ್ತಾಳೆ, ಮುಗಿಯಿತು ಎಂದುಕೊಂಡೆ. ಸುಳ್ಳು ಬರೆಯುವುದಿಲ್ಲ, ಒಳಗೆ ಎಲ್ಲೋ, ಹೇಳಿಬಿಡಲಿ ಎಂದೂ ಇತ್ತು. ಮಗುವಿನ ಬಾಯಿಂದ ಬಂದರೆ ನನ್ನ ಮೇಲೆ ಬರುವುದಿಲ್ಲ.

ದಿಶಾ ನನ್ನ ಮುಖ ನೋಡಿದಳು. ಪಿಲ್ಲರು ನೋಡಲಿಲ್ಲ. ನನ್ನ ಮುಖವನ್ನೇ ನೋಡಿ, ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು, "ಹಾಂ ಆಂಟಿ. ಸಬ್ ಅಚ್ಛಾ ಹೈ."

ನೀರಿನಲ್ಲಿ ಕಾಲಿನ ಕೆಳಗೆ ನೆಲ ತಪ್ಪಿದಾಗಲೂ ನಾನು ಅಷ್ಟು ಹೆದರಿರಲಿಲ್ಲ. ಇದನ್ನು ಅವಳು ಯಾವ ಶಾಲೆಯಲ್ಲಿ ಕಲಿತಳು? ಐರೋಲಿಯಲ್ಲೂ ಅಲ್ಲ, ದಿವಾದಲ್ಲೂ ಅಲ್ಲ. ಕಲಿಸಿದವಳು ನಾನು, ದೇವರ ಮುಂದೆ ಕೂರಿಸಿ.

"ಮಗಳೇ, ಈ ಮನೆ ತಗೊಳ್ಳಬೇಡಿ" ಎಂದೆ. ಆಶ್ರಿತಾಗೆ ಅರ್ಥವಾಗಲಿಲ್ಲ, ನಕ್ಕಳು. ಅಲ್ಲೇ ಇದ್ದ ಸಟ್ಟುಗದ ಹಿಡಿಯಿಂದ ಪಿಲ್ಲರಿನ ಹೊಸ ಬಣ್ಣವನ್ನು ಕೆರೆದೆ. ಗಾರೆ ಒಂದು ಹಿಡಿ ಉದುರಿತು, ಆಮೇಲೆ ತಾನಾಗಿಯೇ ಇನ್ನೊಂದಿಷ್ಟು ಉದುರಿತು. ಒಳಗಿನ ಸೀಳು ಕಂಡಿತು. ನಾಗರಾಜ ಹೆಂಡತಿಯ ಕೈ ಹಿಡಿದು, ಅವಳು ಎಡವುತ್ತಾಳೆಂಬ ಪರಿವೆಯೂ ಇಲ್ಲದೆ ದರದರ ಇಳಿಸಿಕೊಂಡು ಹೋದ.

ರಾಯರು ಬಾಗಿಲಲ್ಲೇ ನಿಂತಿದ್ದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಹತ್ತಿರ ಬಂದು ಆ ಸೀಳಿನೊಳಗೆ ಬೆರಳು ಹಾಕಿದರು. ಬೆರಳು ತೆಗೆದು ಪಂಚೆಗೆ ಒರೆಸಿಕೊಂಡರು. ತುಂಬ ಮೆಲ್ಲಗೆ, "ನಮ್ಮ ಮನೇಲೂ ಹೀಗೇ ಇದೆ ಸುಂದರಮ್ಮ. ಬೀರು ಅಡ್ಡ ಇಟ್ಟಿದ್ದೀನಿ" ಎಂದರು.

"ಹಾಗಾದರೆ ಹೊರಡಿ ರಾಯರೇ."

"ಎಲ್ಲಿಗೆ ಹೋಗಲಿ, ಹೇಳಿ? ಸಾಲ ತೀರಿಲ್ಲ. ಇದನ್ನ ಮಾರಕ್ಕೆ ಆಗಲ್ಲ ಅಂತ ನೀವೇ ಈಗ ಮಾಡಿಬಿಟ್ಟಿರಿ. ಸರಳಾಗೆ ಏನೂ ಗೊತ್ತಿಲ್ಲ. ಅಭಿಗೆ ಪರೀಕ್ಷೆ ಇದೆ." ದಿವಾದಲ್ಲಿ ನಮ್ಮ ಚಾಳಿನ ಪಕ್ಕ ಒಂದು ಕೋಣೆ ಖಾಲಿ ಇದೆ ಎಂದೆ. ತಲೆ ಅಲ್ಲಾಡಿಸಿದರು. ಹೂಂ ಎಂದೋ, ಇಲ್ಲ ಎಂದೋ, ತಿಳಿಯಲಿಲ್ಲ. ಮೇಲೆ ಅಭಿ ಗಟ್ಟಿಯಾಗಿ ಏನೋ ಬಾಯಿಪಾಠ ಮಾಡುತ್ತಿದ್ದದ್ದು ಮೆಟ್ಟಿಲಿನವರೆಗೂ ಕೇಳುತ್ತಿತ್ತು.

ಮನೆಗೆ ಬೀಗ ಹಾಕಿದೆ. ಇನ್ನು ಅದು ನಮಗೂ ಇಲ್ಲ, ಬೇರೆಯವರಿಗೂ ಇಲ್ಲ. ರಂಜನ ಎಲ್ಲ ಕೇಳಿ, ಪಾಲಿಕೆಗೆ ಇನ್ನೊಮ್ಮೆ ಹೋಗುತ್ತೇನೆ ಎಂದ. ನಾನೂ ಬರುತ್ತೇನೆ ಎಂದಿದ್ದೇನೆ.

ನಿನಗೆ ಹೇಳಬೇಕಾದದ್ದು ಇನ್ನೊಂದಿದೆ. ಸಂಜೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಸ್ಲೋ ಲೋಕಲ್ ಹತ್ತಿದೆವು, ಜಾಗ ಸಿಕ್ಕಿತು. ನನ್ನ ಆಣೆ ನಾನೇ ಮುರಿದೆ ಮಗಾ, ನೀನೂ ಇಟ್ಟುಕೊಳ್ಳಬೇಕಾಗಿಲ್ಲ ಎಂದು ಹೇಳಿದೆ. ಅವಳು ಕಿಟಕಿಯ ಸರಳು ಹಿಡಿದು ಹೊರಗೆ ನೋಡುತ್ತಿದ್ದಳು. ಕೋಪರ್ ಸ್ಟೇಷನ್ ದಾಟಿತು. ಎರಡು ತಿಂಗಳಿಂದ ಒಂದೂ ಪ್ರಶ್ನೆ ಕೇಳದ ಮಗು ನನ್ನ ಕಡೆ ತಿರುಗಿ, "ಅಜ್ಜೀ, ಅಭಿ ಇವತ್ತೂ ಅಲ್ಲೇ ಮಲಗ್ತಾನಾ?" ಎಂದು ಕೇಳಿತು.

ಹೌದು ಎಂದೆ.

ಸುಂದರಿ